ಕರೆಂಟು ಕಡಿಯುವ ಪೆಟ್ಟಿಗೆಗೆ ಪೇಟೆಂಟ್: ಎಷ್ಟು ಹೊಸದಾದರೆ ಹೊಸದು?

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ ಹೋಬಳಿಯಿಂದ ಹೊಸದುರ್ಗ, ಹಿರಿಯೂರಿನ ತನಕ ಅಡಿಕೆ, ತೆಂಗು, ದಾಳಿಂಬೆ ತೋಟಗಳು ಬದುಕಿರುವುದು ಬಹುಮಟ್ಟಿಗೆ ಕೊಳವೆಬಾವಿಯ ನೀರಿನಿಂದ. ಆ ನೀರನ್ನು ಎತ್ತುವ ಸಬ್‌ಮರ್ಸಿಬಲ್ ಮೋಟರ್ ನೂರಾರು ಅಡಿ ಆಳದಲ್ಲಿ ಕಣ್ಣಿಗೆ ಕಾಣದೆ ಕೂತಿರುತ್ತದೆ. ಅದನ್ನು ಕಾಯುವುದು ಮೇಲೆ ಗೋಡೆಗೋ ಕಂಬಕ್ಕೋ ತೂಗುಹಾಕಿದ ಒಂದು ತಗಡಿನ ಪೆಟ್ಟಿಗೆ. ಚಿಕ್ಕದಾದರೆ ಸ್ಟಾರ್ಟರ್, ದೊಡ್ಡದಾದರೆ ಪ್ಯಾನಲ್ ಬೋರ್ಡ್. ಮೋಟರನ್ನು ಚಾಲೂ ಮಾಡುವುದು ಅದರ ಸುಲಭದ ಕೆಲಸ. ಅಳತೆ ಮೀರಿ ಕರೆಂಟು ಹರಿದಾಗ ತಾನಾಗಿ ಕಡಿದುಹಾಕುವುದು ಕಷ್ಟದ ಕೆಲಸ. ಅದು ತಪ್ಪಿದರೆ ಪೈಪು ಎತ್ತಬೇಕು, ಮೋಟರ್ ಬಿಚ್ಚಬೇಕು, ರಿವೈಂಡಿಂಗ್ ಅಂಗಡಿಯ ಮುಂದೆ ಕಾಯಬೇಕು. ಅಷ್ಟರಲ್ಲಿ ತೋಟ ಬಾಡಿರುತ್ತದೆ.

ಈ ಪೆಟ್ಟಿಗೆಗೆ ಯಾರೋ ಒಂದು ರಿಲೇ ಸೇರಿಸುತ್ತಾರೆ, ಇನ್ನೊಬ್ಬರು ಮೊಬೈಲ್ ಸಿಮ್ ಕೂರಿಸುತ್ತಾರೆ, ಮತ್ತೊಬ್ಬರು ಬಾವಿ ಬತ್ತಿದಾಗಲೂ ಮೋಟರ್ ನಿಲ್ಲುವಂತೆ ಮಾಡುತ್ತಾರೆ. ಇದರಲ್ಲಿ ಯಾವುದು ಆವಿಷ್ಕಾರ, ಯಾವುದು ಒಳ್ಳೆಯ ಮೆಕ್ಯಾನಿಕ್ ಯಾರಾದರೂ ಮಾಡಬಹುದಾದ ಕೆಲಸ? ಯಾವುದಕ್ಕೆ 20 ವರ್ಷದ ಏಕಸ್ವಾಮ್ಯ ಕೊಡಬೇಕು? ಕರ್ನಾಟಕದ ಅರ್ಜಿಗಳನ್ನು ಪರಿಶೀಲಿಸುವ ಚೆನ್ನೈ ಪೇಟೆಂಟ್ ಕಚೇರಿಯ ಮುಂದೆ ಇಂಥ ಸಾಧನ ಬಂದಾಗಲೆಲ್ಲ ಏಳುವ ಪ್ರಶ್ನೆ ಇದು. ಇದಕ್ಕೆ ಜಗತ್ತಿನ ನ್ಯಾಯಾಲಯಗಳು ಒಂದೇ ಉತ್ತರ ಕೊಟ್ಟಿಲ್ಲ.

ಕರಗುವ ತಂತಿಯಿಂದ ಬಾಗುವ ಪಟ್ಟಿಯವರೆಗೆ

ಪರೀಕ್ಷಕರ ಕಷ್ಟ ಅರ್ಥವಾಗಬೇಕಾದರೆ ಈ ಸಾಧನ ಎಷ್ಟು ಹಳೆಯದು ಎಂಬುದನ್ನು ನೋಡಬೇಕು. ಸಿಡಿಲಿನಿಂದ ಟೆಲಿಗ್ರಾಫ್ ಕೇಂದ್ರಗಳನ್ನು ಉಳಿಸಲು ಸಣ್ಣ ತಂತಿಯ ತುಣುಕೊಂದನ್ನು ನಡುವೆ ಸೇರಿಸುವ ಸಲಹೆಯನ್ನು ಫ್ರಾನ್ಸಿನ ಲೂಯಿ ಬ್ರೆಗೆ 1847ರಲ್ಲೇ ಕೊಟ್ಟಿದ್ದ. ಥಾಮಸ್ ಎಡಿಸನ್ 1879ರ ಪೇಟೆಂಟ್ ಅರ್ಜಿಯೊಂದರಲ್ಲಿ ಸರ್ಕ್ಯೂಟ್ ಬ್ರೇಕರಿನ ಮೊದಲ ರೂಪವನ್ನು ವಿವರಿಸಿದ, ಆದರೆ ತನ್ನ ವಿದ್ಯುತ್ ಜಾಲದಲ್ಲಿ ಬಳಸಿದ್ದು ಫ್ಯೂಸನ್ನು. ಇಂದು ಮನೆಮನೆಯಲ್ಲಿರುವ ಎಂಸಿಬಿಯ ಮೂಲ ರೂಪಕ್ಕೆ ಪೇಟೆಂಟ್ ಪಡೆದದ್ದು ಬ್ರೌನ್ ಬೊವೆರಿ ಕಂಪನಿ, 1924ರಲ್ಲಿ. ಆವಿಷ್ಕಾರಕ ಎಂಜಿನಿಯರ್ ಹ್ಯೂಗೋ ಸ್ಟಾಟ್ಜ್. ನಿಧಾನವಾಗಿ ಏರುವ ಅಧಿಕ ಕರೆಂಟಿಗೆ ಬಿಸಿಯಾಗಿ ಬಾಗುವ ಜೋಡಿಲೋಹದ ಪಟ್ಟಿ, ಶಾರ್ಟ್ ಸರ್ಕ್ಯೂಟಿನ ಭಾರೀ ಕರೆಂಟಿಗೆ ಥಟ್ಟನೆ ಎಳೆಯುವ ವಿದ್ಯುತ್ಕಾಂತ: ಇವೆರಡೂ ಒಂದೇ ಸಾಧನದಲ್ಲಿ ಕೂಡಿದವು. ನೂರು ವರ್ಷವಾದರೂ ಆ ಮೂಲ ತತ್ವ ಬದಲಾಗಿಲ್ಲ.

ಮೋಟರಿನ ಸಮಸ್ಯೆ ಮನೆಯ ದೀಪದ ಸಮಸ್ಯೆಗಿಂತ ಜಟಿಲ. 5 ಎಚ್‌ಪಿ ಮೂರು ಫೇಸ್ ಮೋಟರ್ ಓಡುವಾಗ ಸುಮಾರು 7.5 ಆಂಪಿಯರ್ ಎಳೆಯುತ್ತದೆ. ಚಾಲೂ ಆಗುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಹಾಗಾಗಿ ಕಡಿಯುವ ಸಾಧನ ಆ ಮೊದಲ ಸೆಕೆಂಡುಗಳನ್ನು ಸಹಿಸಬೇಕು, ಆಮೇಲಿನ ಸಣ್ಣ ಏರಿಕೆಯನ್ನು ಮಾತ್ರ ಸಹಿಸಬಾರದು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಓವರ್‌ಲೋಡ್ ರಿಲೇ ನಿಗದಿತ ಕರೆಂಟಿನ 1.05 ಪಟ್ಟಿಗೆ ಎರಡು ಗಂಟೆಯೊಳಗೆ ಕಡಿಯಕೂಡದು, 1.2 ಪಟ್ಟಾದರೆ ಎರಡು ಗಂಟೆಯೊಳಗೆ ಕಡಿಯಲೇಬೇಕು. ಹಳ್ಳಿಯ ಮೋಟರುಗಳು ಸುಡುವುದು ಈ ಎರಡು ಗೆರೆಗಳ ಆಸುಪಾಸಿನಲ್ಲೇ. ಲೈನಿನಲ್ಲಿ ಒಂದು ಫೇಸ್ ಹೋಯಿತು ಎಂದುಕೊಳ್ಳಿ. ಉಳಿದ ಎರಡರಲ್ಲಿ ಕರೆಂಟು ಸುಮಾರು 1.73 ಪಟ್ಟಾಗುತ್ತದೆ. ಪೂರ್ತಿ ಹೊರೆಯಲ್ಲಿದ್ದ ಮೋಟರಿಗೆ ಅದು 13 ಆಂಪಿಯರ್, ರಿಲೇ ಕಡಿಯುತ್ತದೆ. ಹೊರೆ ಕಡಿಮೆಯಿದ್ದು 4.5 ಆಂಪಿಯರ್ ಮಾತ್ರ ಎಳೆಯುತ್ತಿದ್ದರೆ ಏರಿದ ಕರೆಂಟು 7.8 ಆಂಪಿಯರ್, ಎಂದರೆ ನಿಗದಿಯ 1.04 ಪಟ್ಟು. ರಿಲೇಯ ದೃಷ್ಟಿಯಲ್ಲಿ ಎಲ್ಲವೂ ಸರಿ. ಆದರೆ ಡೆಲ್ಟಾ ಜೋಡಣೆಯ ಮೋಟರಿನಲ್ಲಿ ಆ ಕರೆಂಟು ಮೂರು ಸುರುಳಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಒಂದು ಸುರುಳಿ ತನ್ನ ಪಾಲಿಗಿಂತ ಹೆಚ್ಚು ಹೊತ್ತು ಕರಕಾಗುತ್ತದೆ. ಕೊಳವೆಬಾವಿ ಬತ್ತಿದಾಗಲಂತೂ ಕರೆಂಟು ಏರುವುದೇ ಇಲ್ಲ, ಇಳಿಯುತ್ತದೆ. ಅಧಿಕ ಕರೆಂಟನ್ನಷ್ಟೇ ಕಾಯುವ ಸಾಧನಕ್ಕೆ ಅದು ತಿಳಿಯುವುದೇ ಇಲ್ಲ.

ಹೀಗಾಗಿ ಸಿಂಗಲ್ ಫೇಸಿಂಗ್ ಪ್ರಿವೆಂಟರ್, ಡ್ರೈ ರನ್ ರಿಲೇ, ಟೈಮರ್, ಫೋನಿನಿಂದ ಚಾಲೂ ಆಗುವ ಸ್ಟಾರ್ಟರ್ ಒಂದೊಂದಾಗಿ ಬಂದವು. ಪುಣೆಯ ಸಂತೋಷ್ ಓಸ್ತವಾಲ್ ರೂಪಿಸಿದ ‘ನ್ಯಾನೊ ಗಣೇಶ್’ ಮೊಬೈಲ್ ಸ್ಟಾರ್ಟರ್ ದೇಶದ ರೈತರಿಗೆ ಪರಿಚಿತ. ನಮ್ಮಲ್ಲಿ ಇನ್ನೊಂದು ಬಗೆಯ ವಿದ್ಯೆಯೂ ಇದೆ. ಮೂರು ಫೇಸ್ ಇಲ್ಲದ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿ ಎರಡು ಫೇಸಿನಲ್ಲೇ ಮೋಟರ್ ಓಡಿಸುವುದು, ಅದಕ್ಕೆ ಹೊಂದುವಂತೆ ಪ್ಯಾನಲ್ಲಿನ ಕಾವಲನ್ನು ಬದಲಿಸಿಕೊಳ್ಳುವುದು. ಇದು ಪುಸ್ತಕದಿಂದ ಬಂದದ್ದಲ್ಲ. ರಿವೈಂಡಿಂಗ್ ಅಂಗಡಿಗಳಲ್ಲಿ ಕೈಯಿಂದ ಕೈಗೆ ಹರಡಿದ್ದು. ಮುಂದೆ ಇದರ ಮಾತು ಮತ್ತೆ ಬರುತ್ತದೆ.

ಕಾನೂನು ನಡೆದ ದಾರಿ

ಭಾರತದಲ್ಲಿ ಪೇಟೆಂಟ್ ಕಾನೂನು ಬಂದದ್ದು 1856ರಲ್ಲಿ. ಆ ವರ್ಷದ ಮಾರ್ಚ್ 3ರಂದು ಕಲ್ಕತ್ತದ ಎಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಪಂಖಾ ಎಳೆಯುವ ಯಂತ್ರಕ್ಕಾಗಿ ಅರ್ಜಿ ಹಾಕಿದ. 1911ರ ಕಾಯ್ದೆ ಸ್ವಾತಂತ್ರ್ಯದ ನಂತರವೂ ದಶಕಗಳ ಕಾಲ ಉಳಿಯಿತು. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿಯ ಬುನಾದಿಯ ಮೇಲೆ 1970ರ ಕಾಯ್ದೆ ರೂಪುಗೊಂಡು 1972ರ ಏಪ್ರಿಲ್ 20ರಿಂದ ಜಾರಿಗೆ ಬಂತು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದ ನಂತರ 1999, 2002 ಮತ್ತು 2005ರಲ್ಲಿ ಅದಕ್ಕೆ ತಿದ್ದುಪಡಿಗಳಾದವು.

ಇಂದು ಅರ್ಜಿ ಸಾಮಾನ್ಯವಾಗಿ 18 ತಿಂಗಳಿಗೆ ಪ್ರಕಟವಾಗುತ್ತದೆ. ಪರೀಕ್ಷೆ ತಾನಾಗಿ ನಡೆಯುವುದಿಲ್ಲ, ಪ್ರತ್ಯೇಕವಾಗಿ ಕೋರಬೇಕು. ಹಿಂದೆ 48 ತಿಂಗಳಿದ್ದ ಆ ಗಡುವನ್ನು 2024ರ ನಿಯಮ ತಿದ್ದುಪಡಿ 31 ತಿಂಗಳಿಗೆ ಇಳಿಸಿದೆ. ಪರೀಕ್ಷಕರು ಹಿಂದಿನ ದಾಖಲೆಗಳನ್ನು ಹುಡುಕಿ ಮೊದಲ ಪರೀಕ್ಷಾ ವರದಿ ಕಳಿಸುತ್ತಾರೆ. ಅದಕ್ಕೆ ಆರು ತಿಂಗಳೊಳಗೆ ಉತ್ತರಿಸಬೇಕು, ಬೇಕಾದರೆ ಇನ್ನು ಮೂರು ತಿಂಗಳು ಸಿಗುತ್ತದೆ. ಹುಡುಕಾಟಕ್ಕೆ ಅಂತರರಾಷ್ಟ್ರೀಯ ವರ್ಗೀಕರಣ ನೆರವಾಗುತ್ತದೆ. ನಮ್ಮ ಪೆಟ್ಟಿಗೆಯಂಥ ಸಾಧನಗಳು ಮುಖ್ಯವಾಗಿ ರಕ್ಷಣಾ ಮಂಡಲಗಳ ‘ಎಚ್02ಎಚ್’ ಮತ್ತು ಸ್ವಿಚ್ಚು, ರಿಲೇ, ಫ್ಯೂಸುಗಳ ‘ಎಚ್01ಎಚ್’ ಎಂಬ ವರ್ಗಗಳಲ್ಲಿ ಕೂತಿರುತ್ತವೆ. ನೂರು ವರ್ಷದ ಕಾಗದ ಅಲ್ಲಿ ರಾಶಿ ಬಿದ್ದಿದೆ.

ಅರ್ಜಿ ದಾಟಬೇಕಾದ ಬಾಗಿಲುಗಳಲ್ಲಿ ಮೂರು ಕಿರಿದು. ಒಂದು, 2(1)(ಜೆಎ) ಕಲಂ ಹೇಳುವ ಆವಿಷ್ಕಾರಕ ಹೆಜ್ಜೆ: ಇರುವ ಜ್ಞಾನಕ್ಕಿಂತ ತಾಂತ್ರಿಕ ಮುನ್ನಡೆಯೋ ಆರ್ಥಿಕ ಮಹತ್ವವೋ ಎರಡೂ ಇದ್ದೋ, ಆ ಕ್ಷೇತ್ರದ ನುರಿತ ವ್ಯಕ್ತಿಗೆ ಅದು ಸಹಜವಾಗಿ ಹೊಳೆಯುವಂಥದ್ದಾಗಿರಬಾರದು. ಎರಡು, 3(ಎಫ್) ಕಲಂ: ತಮ್ಮ ತಮ್ಮ ಪಾಡಿಗೆ ತಿಳಿದ ರೀತಿಯಲ್ಲೇ ಕೆಲಸ ಮಾಡುವ ತಿಳಿದ ಸಾಧನಗಳನ್ನು ಸುಮ್ಮನೆ ಜೋಡಿಸಿದರೆ ಆವಿಷ್ಕಾರವಲ್ಲ. ಮೂರು, 3(ಕೆ) ಕಲಂ: ಬರೀ ಕಂಪ್ಯೂಟರ್ ಪ್ರೋಗ್ರಾಂ, ಅಲ್ಗಾರಿದಮ್ ಆವಿಷ್ಕಾರವಲ್ಲ. ವಾದಗಳೆಲ್ಲ ಹುಟ್ಟುವುದು ಈ ಮೂರರ ಸುತ್ತ.

‘ಕಾರ್ಖಾನೆಯ ಕೈಚಳಕ ಸಾಲದು’ ಎನ್ನುವವರು

ಮೊದಲ ಪಂಥ ಕಟ್ಟುನಿಟ್ಟಿನದು. ನುರಿತ ಕೆಲಸಗಾರ ತನ್ನ ದಿನನಿತ್ಯದ ಜಾಣತನದಿಂದ ಮಾಡುವ ಸುಧಾರಣೆ ಎಲ್ಲರ ಸೊತ್ತು. ಅದಕ್ಕೆ ಬೇಲಿ ಹಾಕಿದರೆ ಉಳಿದ ಕೆಲಸಗಾರರ ಕೈ ಕಟ್ಟಿದಂತೆ ಎಂಬುದು ಅದರ ವಾದ. ಅಮೆರಿಕದ ಸುಪ್ರೀಂ ಕೋರ್ಟ್ 1851ರ ಹಾಚ್‌ಕಿಸ್ ಪ್ರಕರಣದಲ್ಲಿ ಬಾಗಿಲ ಹಿಡಿಯನ್ನು ಲೋಹದ ಬದಲು ಜೇಡಿಮಣ್ಣಿನಿಂದ ಮಾಡಿದ್ದಕ್ಕೆ ಪೇಟೆಂಟ್ ಸಲ್ಲದು ಎಂದಿತು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು 1941ರ ಕ್ಯೂನೊ ಪ್ರಕರಣ. ಕಾರಿನ ಸಿಗಾರ್ ಲೈಟರ್ ಕಾದು ಕೆಂಪಾದ ಕೂಡಲೇ ತಾನಾಗಿ ಕರೆಂಟು ಕಡಿಯುವಂತೆ ಒಬ್ಬಾತ ಥರ್ಮೋಸ್ಟ್ಯಾಟ್ ಜೋಡಿಸಿದ್ದ. ಉಪಯುಕ್ತ ಸಾಧನ, ಚೆನ್ನಾಗಿ ಮಾರಾಟವಾಗುತ್ತಿತ್ತು. ಆದರೆ ಬಿಸಿಯಾದಾಗ ಕರೆಂಟು ಕಡಿಯುವ ವಿದ್ಯೆ ಬೇರೆ ಉಪಕರಣಗಳಲ್ಲಿ ಮೊದಲೇ ಇತ್ತು. ನ್ಯಾಯಾಲಯ ಪೇಟೆಂಟನ್ನು ತಿರಸ್ಕರಿಸಿತು. ಪ್ರತಿಭೆಯ ಮಿಂಚು ಕಾಣಬೇಕು ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ಡಗ್ಲಸ್ ಬರೆದರು. ಆ ಮಾತು ಎಷ್ಟು ಕೋಲಾಹಲ ಎಬ್ಬಿಸಿತೆಂದರೆ, ಆವಿಷ್ಕಾರ ಮಿಂಚಿನಂತೆ ಬಂತೋ ವರ್ಷಗಟ್ಟಲೆ ತಿಣುಕಿ ಬಂತೋ ಎಂಬುದನ್ನು ಲೆಕ್ಕಕ್ಕೆ ಹಿಡಿಯಕೂಡದು ಎಂದು 1952ರ ಅಮೆರಿಕನ್ ಕಾಯ್ದೆ ಸ್ಪಷ್ಟವಾಗಿ ಬರೆದುಕೊಳ್ಳಬೇಕಾಯಿತು.

ಭಾರತದಲ್ಲಿ ಈ ಪಂಥದ ಮೂಲಸ್ತಂಭ ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಕೊಟ್ಟ ತೀರ್ಪು. ಪಾತ್ರೆಗಳನ್ನು ಲೇತ್‌ನಲ್ಲಿ ಗಟ್ಟಿಯಾಗಿ ಹಿಡಿದು ಹೊಳಪಿಸುವ ಒಂದು ಸುಧಾರಣೆ ಅಲ್ಲಿನ ವಿಷಯ. ಕೆಲಸ ಬೇಗ ಆಗುತ್ತಿತ್ತು, ಅಪಾಯ ತಗ್ಗಿತ್ತು. ಆದರೂ ಅದು ಕಾರ್ಖಾನೆಯ ಸಾಮಾನ್ಯ ಸುಧಾರಣೆಗಿಂತ ಮೇಲೇರಿಲ್ಲ ಎಂದು ನ್ಯಾಯಾಲಯ ಪೇಟೆಂಟನ್ನು ಎತ್ತಿಹಿಡಿಯಲಿಲ್ಲ. ಹಳೆಯದರ ಮೇಲಿನ ಸುಧಾರಣೆಯೂ ತನ್ನ ಕಾಲ ಮೇಲೆ ತಾನು ಆವಿಷ್ಕಾರವೆಂದು ನಿಲ್ಲಬೇಕು ಎಂಬ ಆ ತತ್ವವನ್ನು ಪರೀಕ್ಷಕರು ಇಂದಿಗೂ ಕೈಗೆತ್ತಿಕೊಳ್ಳುತ್ತಾರೆ.

ಇದರ ಬಲ ನಮ್ಮ ಜಿಲ್ಲೆಯಲ್ಲಿ ಕಣ್ಣಿಗೆ ಕಾಣುತ್ತದೆ. ಸ್ಟಾರ್ಟರಿನ ಸಣ್ಣಪುಟ್ಟ ಮಾರ್ಪಾಡಿಗೆಲ್ಲ ಪೇಟೆಂಟ್ ಸಿಕ್ಕರೆ ಹೊಳಲ್ಕೆರೆಯ ಮೆಕ್ಯಾನಿಕ್ ರಿಪೇರಿ ಮಾಡುವಾಗಲೂ ಹೆದರಬೇಕಾಗುತ್ತದೆ. ಅದರ ದೌರ್ಬಲ್ಯವೂ ಇಲ್ಲೇ ಇದೆ: ಆವಿಷ್ಕಾರವಾದ ಮೇಲೆ ನೋಡಿದರೆ ಎಲ್ಲವೂ ಸುಲಭವಾಗಿ ಕಾಣುತ್ತದೆ.

ಜೋಡಣೆಯೋ, ಕೂಡಾಟವೋ

ಎರಡನೆಯ ಪಂಥ ಮಿಂಚನ್ನು ಬಿಟ್ಟು ಭಾಗಗಳ ಸಂಬಂಧವನ್ನು ನೋಡುತ್ತದೆ. 1890ರಲ್ಲಿ ಇಂಗ್ಲೆಂಡಿನ ವಿಲಿಯಮ್ಸ್ ಪ್ರಕರಣದಲ್ಲಿ ಮಾಂಸ ಕೊಚ್ಚುವ ಯಂತ್ರವನ್ನೂ ತುಂಬುವ ಯಂತ್ರವನ್ನೂ ಒಂದುಗೂಡಿಸಿದ್ದು ಆವಿಷ್ಕಾರವಲ್ಲ ಎಂದಾಯಿತು. 2004ರ ಸಬಾಫ್ ಪ್ರಕರಣದಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ಇದೇ ದಾರಿಯಲ್ಲಿ ನಡೆದು, ಮೊದಲು ಎದುರಿಗಿರುವುದು ಒಂದು ಆವಿಷ್ಕಾರವೋ ಎರಡೋ ಎಂದು ನಿರ್ಧರಿಸಬೇಕು ಎಂದಿತು. ನಮ್ಮ 3(ಎಫ್) ಕಲಂ ಇದೇ ಚಿಂತನೆಯ ಕೂಸು.

ಒಂದು ಪ್ಯಾನಲ್ಲನ್ನು ಕಲ್ಪಿಸಿಕೊಳ್ಳೋಣ. ಅದರಲ್ಲಿ ಓವರ್‌ಲೋಡ್ ರಿಲೇ, ಸಿಂಗಲ್ ಫೇಸಿಂಗ್ ಪ್ರಿವೆಂಟರ್, ಡ್ರೈ ರನ್ ರಿಲೇ ಮತ್ತು ರೈತನಿಗೆ ಸಂದೇಶ ಕಳಿಸುವ ಸಿಮ್ ಇವೆ. ನಾಲ್ಕೂ ಅಂಗಡಿಯಲ್ಲಿ ಬಿಡಿಯಾಗಿ ಸಿಗುವಂಥವೇ ಆಗಿದ್ದು ತಮ್ಮ ಕೆಲಸ ತಾವು ಮಾಡಿಕೊಂಡಿದ್ದರೆ 3(ಎಫ್) ಅಡ್ಡ ಬರುತ್ತದೆ. ಪೆಟ್ಟಿಗೆ ಎಷ್ಟೇ ಉಪಯುಕ್ತವಾಗಿರಲಿ, ಪೇಟೆಂಟ್ ಕಷ್ಟ. ಈಗ ಇನ್ನೊಂದನ್ನು ನೋಡಿ. ಮೂರು ಫೇಸುಗಳ ಕರೆಂಟಿನ ಅಸಮತೋಲವನ್ನು ಒಂದೇ ಸಂವೇದಕ ಅಳೆಯುತ್ತದೆ, ಆ ಅಸಮತೋಲ ಹೆಚ್ಚಿದಂತೆ ಓವರ್‌ಲೋಡ್ ಕಡಿಯುವ ಮಿತಿ ತಾನಾಗಿ ಕೆಳಗಿಳಿಯುತ್ತದೆ. ಮೇಲೆ ಹೇಳಿದ 7.8 ಆಂಪಿಯರಿನ ಮೋಟರನ್ನು ಇದು ಉಳಿಸುತ್ತದೆ. ಇಲ್ಲಿ ಭಾಗಗಳು ಒಂದನ್ನೊಂದು ತಿದ್ದುತ್ತಿವೆ, 3(ಎಫ್) ದಾಟಬಹುದು. ಆದರೆ ದೊಡ್ಡ ಕಾರ್ಖಾನೆಗಳ ಮೋಟರ್ ರಿಲೇಗಳಲ್ಲಿ ಅಸಮತೋಲದ ಈ ಲೆಕ್ಕ ಮೊದಲೇ ಇದೆ. ಅದನ್ನು ಅಗ್ಗದ ಬಿಡಿಭಾಗಗಳಲ್ಲಿ, ಹಳ್ಳಿಯ ವೋಲ್ಟೇಜಿನ ಏರಿಳಿತಕ್ಕೆ ಮೋಸಹೋಗದಂತೆ ಸಾಧಿಸಿದ ಬಗೆಯಲ್ಲಿ ಹೊಸತನ ಇರಬೇಕು. ಅರ್ಜಿಯಲ್ಲಿ ಯಾವುದಕ್ಕೆ ಹಕ್ಕು ಬೇಕೆಂದು ಹೇಳುವ ಹಕ್ಕುಸಾಧನೆಯ (ಕ್ಲೇಮ್) ವಾಕ್ಯ ಅದನ್ನೇ ಹೇಳಬೇಕು. ಅನೇಕ ಅರ್ಜಿಗಳು ಸೋಲುವುದು ಸಾಧನದಲ್ಲಿ ಅಲ್ಲ, ಈ ವಾಕ್ಯದಲ್ಲಿ ಎಂಬುದು ನನ್ನ ನಂಬಿಕೆ.

ಸಮಸ್ಯೆಯಿಂದ ಹೊರಟವರು

ಯುರೋಪಿನ ಪೇಟೆಂಟ್ ಕಚೇರಿ ಹಂತ ಹಂತವಾಗಿ ನಡೆಯುತ್ತದೆ. ಅತಿ ಹತ್ತಿರದ ಹಿಂದಿನ ಸಾಧನ ಯಾವುದು, ಅದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಯಾವ ತಾಂತ್ರಿಕ ಸಮಸ್ಯೆ ಬಿಡಿಸುತ್ತದೆ, ನುರಿತ ವ್ಯಕ್ತಿ ಆ ದಾರಿ ಹಿಡಿಯಬಹುದಿತ್ತೇ ಎಂದಲ್ಲ, ಹಿಡಿಯುತ್ತಿದ್ದನೇ? ಈ ಕೊನೆಯ ಭೇದ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಆಮೇಲಿನ ಜಾಣತನಕ್ಕೆ ಅದು ಸ್ವಲ್ಪವಾದರೂ ಕಡಿವಾಣ ಹಾಕುತ್ತದೆ. ಇಂಗ್ಲೆಂಡಿನ ವಿಂಡ್‌ಸರ್ಫಿಂಗ್ ಮತ್ತು ಪೊಜೋಲಿ ತೀರ್ಪುಗಳೂ, ರೋಶ್ ಮತ್ತು ಸಿಪ್ಲಾ ನಡುವಿನ ವ್ಯಾಜ್ಯದಲ್ಲಿ ದೆಹಲಿ ಹೈಕೋರ್ಟ್ 2015ರಲ್ಲಿ ಕೊಟ್ಟ ಐದು ಹಂತದ ಪರೀಕ್ಷೆಯೂ ಇಂಥ ಕ್ರಮಬದ್ಧ ದಾರಿಯವೇ.

ಅಮೆರಿಕ ಬೇರೆ ಸುತ್ತು ಹಾಕಿತು. 1966ರ ಗ್ರಹಾಂ ಪ್ರಕರಣದ ವಿಷಯ ಕಲ್ಲುಭೂಮಿಯಲ್ಲಿ ಉಳುವಾಗ ನೇಗಿಲಿನ ದಂಡ ಮುರಿಯದಂತೆ ಕಾಯುವ ಸ್ಪ್ರಿಂಗಿನ ಕೊಂಡಿ. ಚಿತ್ರದುರ್ಗದ ರೈತನಿಗೆ ವಿವರಿಸಬೇಕಾದ ಸಮಸ್ಯೆಯೇ ಅಲ್ಲ! ಪೇಟೆಂಟ್ ಅಲ್ಲಿ ನಿಲ್ಲಲಿಲ್ಲ. ಆದರೆ ಮಾರುಕಟ್ಟೆಯ ಯಶಸ್ಸು, ಬಹುಕಾಲ ಬಗೆಹರಿಯದ ಅಗತ್ಯ, ಇತರರ ವಿಫಲ ಯತ್ನಗಳು ಸಾಕ್ಷ್ಯವಾಗಬಲ್ಲವು ಎಂಬುದು ಅಲ್ಲಿ ನೆಲೆಗೊಂಡಿತು. 2007ರ ಕೆಎಸ್‌ಆರ್ ತೀರ್ಪು, ತಿಳಿದ ಭಾಗಗಳು ನಿರೀಕ್ಷಿತ ಫಲವನ್ನೇ ಕೊಟ್ಟರೆ ಪೇಟೆಂಟ್ ಇಲ್ಲ ಎಂದು ಮತ್ತೆ ಬಿಗಿಗೊಳಿಸಿತು.

ಆರ್ಥಿಕ ಮಹತ್ವ ಯಾರ ಲೆಕ್ಕದಲ್ಲಿ?

ಭಾರತದ ವ್ಯಾಖ್ಯೆಯಲ್ಲಿರುವ ಆರ್ಥಿಕ ಮಹತ್ವ ಎಂಬ ಅಂಶವನ್ನು ಕೆಲವರು ಆವಿಷ್ಕಾರಕ್ಕೆ ತೆರೆದ ಹೆಚ್ಚುವರಿ ಬಾಗಿಲು ಎನ್ನುತ್ತಾರೆ. ಇನ್ನು ಕೆಲವರು, ಸಹಜವಾಗಿ ಹೊಳೆಯಬಾರದು ಎಂಬ ಷರತ್ತು ಕೊನೆಗೂ ಇದ್ದೇ ಇರುವುದರಿಂದ ಅದರಿಂದ ಹೆಚ್ಚೇನೂ ಆಗದು ಎನ್ನುತ್ತಾರೆ. ಕಲಂನ ಮಾತು ಎರಡನೆಯವರ ಪರ ಇದೆ. ಆದರೂ ಒಂದು ಸ್ಥಳೀಯ ಸಂಗತಿ ಇಲ್ಲಿ ಗಮನಾರ್ಹ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ 2008ರಿಂದ ವಿದ್ಯುತ್ ಉಚಿತ. ರೈತನಿಗೆ ಕರೆಂಟಿನ ಬಿಲ್ಲಿಲ್ಲ, ಸುಟ್ಟ ಮೋಟರಿನ ಬಿಲ್ಲಿದೆ. ವಿದ್ಯುತ್ ಉಳಿಸುವ ಸಾಧನ ಅವನ ಲೆಕ್ಕದಲ್ಲಿ ಹಗುರ, ಮೋಟರ್ ಉಳಿಸುವ ಸಾಧನ ಭಾರ. ಬೆಸ್ಕಾಂನ ಲೆಕ್ಕದಲ್ಲಿ ಇದು ತಿರುಗುಮುರುಗು ಇರಬಹುದು. ಮಹತ್ವವನ್ನು ಅಳೆಯುವವರು ಯಾರ ಜೇಬಿನಿಂದ ಅಳೆಯಬೇಕು ಎಂಬುದಕ್ಕೆ ಕಾಯ್ದೆಯಲ್ಲಿ ಸೂಚನೆಯಿಲ್ಲ.

ಮೈಕ್ರೋಪ್ರೊಸೆಸರ್ ಇರುವ ರಿಲೇಗಳಿಗೆ 3(ಕೆ) ತೊಡಕು. ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2019ರಲ್ಲಿ, ಪ್ರೋಗ್ರಾಂ ಇದ್ದ ಮಾತ್ರಕ್ಕೆ ಬಾಗಿಲು ಮುಚ್ಚಬಾರದು, ತಾಂತ್ರಿಕ ಪರಿಣಾಮ ನೋಡಬೇಕು ಎಂದಿತು. ಸುರುಳಿ ಸುಡುವ ಮೊದಲು ಕಾಂಟ್ಯಾಕ್ಟರ್ ತೆರೆದುಕೊಳ್ಳುವುದಕ್ಕಿಂತ ಸ್ಪಷ್ಟವಾದ ತಾಂತ್ರಿಕ ಪರಿಣಾಮ ಬೇಕೇ? ಈ ಬಾಗಿಲು ನಮ್ಮ ಪೆಟ್ಟಿಗೆಗೆ ಅಷ್ಟು ಕಷ್ಟವಾಗಲಾರದು.

ಕಾಗದಕ್ಕೆ ಕಾಣದ ಜ್ಞಾನ

ಈ ಪಂಥಗಳೆಲ್ಲ ಒಂದು ವಿಷಯವನ್ನು ಬಹುಮಟ್ಟಿಗೆ ಗೃಹೀತ ಹಿಡಿಯುತ್ತವೆ: ಹಿಂದಿನ ಜ್ಞಾನ ಪರೀಕ್ಷಕರ ಕಣ್ಣಿಗೆ ಬೀಳುತ್ತದೆ ಎಂದು. ನನ್ನ ತಕರಾರು ಇರುವುದು ಅಲ್ಲಿ. 13ನೇ ಕಲಂ ಪರೀಕ್ಷಕರಿಗೆ ಹೇಳುವುದು 1912ರ ಜನವರಿ 1ರಿಂದ ಭಾರತದಲ್ಲಿ ಸಲ್ಲಿಕೆಯಾದ ವಿವರಣೆಗಳನ್ನು, ಮತ್ತು ಎಲ್ಲೇ ಪ್ರಕಟವಾದ ಇತರ ದಾಖಲೆಗಳನ್ನು ಹುಡುಕಲು. ಎಲ್ಲವೂ ಕಾಗದ. ರಿವೈಂಡಿಂಗ್ ಅಂಗಡಿಯ ಕಂಡೆನ್ಸರ್ ಜೋಡಣೆ ಆ ಕಾಗದದಲ್ಲಿ ಸಿಗುವುದು ಅಪರೂಪ. ಸಾರ್ವಜನಿಕವಾಗಿ ಬಳಕೆಯಲ್ಲಿತ್ತು ಎಂಬುದು 25ನೇ ಕಲಂನಲ್ಲಿ ವಿರೋಧಕ್ಕೆ ಆಧಾರವೇನೋ ಹೌದು. ಆದರೆ ಯಾರಾದರೂ ಬಂದು ವಿರೋಧಿಸಬೇಕು. ಮಂಜೂರಾತಿಗೆ ಮೊದಲು ಯಾರು ಬೇಕಾದರೂ ವಿರೋಧಿಸಬಹುದಾದರೂ 2024ರ ತಿದ್ದುಪಡಿ ಅದಕ್ಕೂ ಶುಲ್ಕ ಇಟ್ಟಿದೆ. ಬಿ.ದುರ್ಗದ ಮೆಕ್ಯಾನಿಕ್ ಪೇಟೆಂಟ್ ಪತ್ರಿಕೆ ಓದಿ ಚೆನ್ನೈಗೆ ಆಕ್ಷೇಪ ಕಳಿಸುತ್ತಾನೆ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ತಪ್ಪು ಎರಡೂ ಕಡೆ ಆಗುತ್ತದೆ. ಊರೆಲ್ಲ ಬಳಸುವ ಉಪಾಯಕ್ಕೆ ಹೊರಗಿನವರು ಪೇಟೆಂಟ್ ಪಡೆಯಬಹುದು, ಏಕೆಂದರೆ ದಾಖಲೆಯಲ್ಲಿ ಅದು ಹೊಸದು. ಊರಿನ ಮೆಕ್ಯಾನಿಕ್ ನಿಜವಾಗಿಯೂ ಹೊಸದು ಮಾಡಿದಾಗ ಅದು ಕಾರ್ಖಾನೆಯ ಕೈಚಳಕವೆಂದು ತಳ್ಳಿಹೋಗಬಹುದು, ಏಕೆಂದರೆ ಅವನಿಗೆ ಅದನ್ನು ಕಾನೂನಿನ ಭಾಷೆಯಲ್ಲಿ ಹೇಳಲು ಬರುವುದಿಲ್ಲ. ನಿಯಮದ ಪ್ರಕಾರ ದಾಖಲೆಗಳು ಹಿಂದಿ ಅಥವಾ ಇಂಗ್ಲಿಷಿನಲ್ಲೇ ಇರಬೇಕು. ವ್ಯಕ್ತಿಯೊಬ್ಬರ ಆನ್‌ಲೈನ್ ಅರ್ಜಿಗೆ 1,600 ರೂಪಾಯಿ, ಪರೀಕ್ಷೆಗೆ 4,000 ರೂಪಾಯಿ ಶುಲ್ಕ ದೊಡ್ಡ ತಡೆಯಲ್ಲ. ಹಕ್ಕುಸಾಧನೆ ಬರೆಯುವವರ ಸಂಭಾವನೆ ಮತ್ತು ಭಾಷೆ ತಡೆ.

ಈ ಕಂದರ ಮುಚ್ಚಲು ಕೆಲಸಗಳು ನಡೆದಿವೆ. 2000ದಲ್ಲಿ ಆರಂಭವಾದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ತಳಮಟ್ಟದ ಆವಿಷ್ಕಾರಕರನ್ನು ಗುರುತಿಸಿ ಪೇಟೆಂಟಿಗೆ ನೆರವಾಗುತ್ತದೆ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅದು ಗೌರವಿಸಿದವರಲ್ಲೊಬ್ಬರು, 2022ರಲ್ಲಿ ಪದ್ಮಶ್ರೀ ಪಡೆದವರು. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರವಿದೆ. ಆದರೆ ರಿವೈಂಡಿಂಗ್ ಅಂಗಡಿಗಳ ವಿದ್ಯೆಯನ್ನು ಕನ್ನಡದಲ್ಲೇ ದಾಖಲಿಸಿ, ದಿನಾಂಕ ಹಾಕಿ ಪ್ರಕಟಿಸಿದರೆ ಅದೂ 13ನೇ ಕಲಂ ಕೇಳುವ ದಾಖಲೆಯೇ. ಕಾಯ್ದೆ ಭಾಷೆಯ ಭೇದ ಮಾಡಿಲ್ಲ. ಜಿಲ್ಲೆಯ ಪಾಲಿಟೆಕ್ನಿಕ್ಕುಗಳು ಈ ಕೆಲಸ ಮಾಡಬಲ್ಲವು, ಮಾಡಬೇಕು.

ಕಿರಿಯ ಪೇಟೆಂಟ್ ಎಂಬ ಸಲಹೆ

ಜರ್ಮನಿ 1891ರಿಂದಲೇ ಸಣ್ಣ ಆವಿಷ್ಕಾರಗಳಿಗೆ ಬೇರೆ ವ್ಯವಸ್ಥೆ ಇಟ್ಟುಕೊಂಡಿದೆ. ಮೊದಲೇ ಪೂರ್ಣ ಪರೀಕ್ಷೆ ಇಲ್ಲ, ಹೆಚ್ಚೆಂದರೆ 10 ವರ್ಷದ ರಕ್ಷಣೆ. ಜಪಾನ್, ಚೀನಾಗಳಲ್ಲೂ ಇಂಥದ್ದಿದೆ. ಭಾರತದ ಕೈಗಾರಿಕಾ ನೀತಿ ಇಲಾಖೆ 2011ರಲ್ಲಿ ಈ ಬಗ್ಗೆ ಚರ್ಚಾಪತ್ರ ಹೊರಡಿಸಿತು. ಕಾನೂನು ಬರಲಿಲ್ಲ. ಸಣ್ಣ ತಯಾರಕರಿಗೆ ಇದು ಆಸರೆ ಎನ್ನುವವರಿದ್ದಾರೆ. ಪರೀಕ್ಷಿಸದ ಹಕ್ಕುಗಳ ಕಾಡು ಬೆಳೆದು ಅದೇ ಸಣ್ಣವರನ್ನು ಹಣವಂತರು ನ್ಯಾಯಾಲಯಕ್ಕೆ ಎಳೆಯುತ್ತಾರೆ ಎನ್ನುವವರೂ ಇದ್ದಾರೆ. ನನಗೆ ಎರಡನೆಯ ಭಯವೇ ಹೆಚ್ಚು ನಿಜವೆನಿಸುತ್ತದೆ.

ಇನ್ನೂ ತೀರದ್ದು

ನುರಿತ ವ್ಯಕ್ತಿ ಯಾರು ಎಂಬುದು ಮೊದಲನೆಯದು. ಕಂಪನಿಯ ಸಂಶೋಧನಾ ಎಂಜಿನಿಯರೋ, ದಿನಕ್ಕೊಂದು ಸುಟ್ಟ ಮೋಟರ್ ಬಿಚ್ಚುವ ರಿವೈಂಡರೋ? ಮೊದಲನೆಯವನಿಗೆ ಅಸಮತೋಲದ ಗಣಿತ ಸುಲಭ, ಎರಡನೆಯವನಿಗೆ ಯಾವ ಸುರುಳಿ ಏಕೆ ಸುಟ್ಟಿತೆಂಬುದು ಸುಲಭ. ಯಾರನ್ನು ಆರಿಸುತ್ತೇವೋ ಅದರ ಮೇಲೆ ಅದೇ ಪೆಟ್ಟಿಗೆ ಆವಿಷ್ಕಾರವಾಗಬಹುದು, ಆಗದಿರಬಹುದು. ಇಬ್ಬರೂ ಸೇರಿದ ತಂಡವನ್ನು ಕಲ್ಪಿಸಿಕೊಂಡರೆ ಗೆರೆ ಇನ್ನೂ ಮೇಲೇರುತ್ತದೆ.

ಎರಡನೆಯದು, ದೊಡ್ಡ ಕಾರ್ಖಾನೆಯ ರಿಲೇಯನ್ನು ಪಂಪ್‌ಸೆಟ್ಟಿನ ಹತ್ತಿರದ ಪೂರ್ವಜ ಎಂದು ಹಿಡಿಯಬೇಕೋ ಬೇಡವೋ. ತತ್ವ ಒಂದೇ, ಬೆಲೆ ಮತ್ತು ಪರಿಸರ ಬೇರೆ. ಅಗ್ಗ ಮಾಡುವುದು ತಾಂತ್ರಿಕ ಸಮಸ್ಯೆಯೋ ವ್ಯಾಪಾರದ ಸಮಸ್ಯೆಯೋ ಎಂಬುದಕ್ಕೆ ಒಂದೇ ಮಾತಿನ ಉತ್ತರವಿಲ್ಲ.

ಮೂರನೆಯದು ಪ್ರಯೋಗದ ಕಾಲ. 32ನೇ ಕಲಂ ಪ್ರಕಾರ, ಯುಕ್ತ ಪ್ರಯೋಗಕ್ಕಾಗಿ ಸಾರ್ವಜನಿಕವಾಗಿ ಓಡಿಸಲೇಬೇಕಾದ ಸಾಧನವನ್ನು ಅರ್ಜಿಗೆ ಮುಂಚಿನ ಒಂದು ವರ್ಷದೊಳಗೆ ಓಡಿಸಿದರೆ ಹೊಸತನ ಹೋಗುವುದಿಲ್ಲ. ಬಾವಿ ಬತ್ತಿದಾಗ ಕಡಿಯುವ ಸಾಧನವನ್ನು ಬೇಸಿಗೆಯಲ್ಲಷ್ಟೇ ನಿಜವಾಗಿ ಪರೀಕ್ಷಿಸಲು ಸಾಧ್ಯ. ಒಂದು ಬೇಸಿಗೆಯಲ್ಲಿ ಕಂಡ ದೋಷವನ್ನು ತಿದ್ದಿ ಮುಂದಿನ ಬೇಸಿಗೆಯಲ್ಲಿ ನೆರೆಯವರ ತೋಟದಲ್ಲಿ ಮತ್ತೆ ಓಡಿಸಿ ನೋಡುವ ಹೊತ್ತಿಗೆ ಆ ವರ್ಷ ದಾಟಿರುತ್ತದೆ. ಮೊದಲೇ ತಾತ್ಕಾಲಿಕ ವಿವರಣೆ ಸಲ್ಲಿಸಿದರೂ 12 ತಿಂಗಳೊಳಗೆ ಸಂಪೂರ್ಣ ವಿವರಣೆ ಕೊಡಬೇಕು, ಎರಡನೇ ಬೇಸಿಗೆಯ ಫಲಿತಾಂಶ ಪೂರ್ತಿ ಕೈಸೇರುವ ಮುನ್ನವೇ. ಋತುವಿಗೆ ಕಟ್ಟುಬಿದ್ದ ಸಾಧನಗಳಿಗೆ ಈ ಒಂದು ವರ್ಷ ಸಾಕೇ, ತೋಟದ ಪ್ರಯೋಗ ಎಲ್ಲಿ ಮುಗಿದು ಸಾರ್ವಜನಿಕ ಬಳಕೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಕಾಯ್ದೆ ಬಿಡಿಸಿ ಹೇಳಿಲ್ಲ.